ಆಟದ ಕೀಲಿಮಣೆ: ಬೆಳಕೆಷ್ಟು, ಬಳಕೆಯೆಷ್ಟು?

ಗಣಕಕ್ಕೆ ಹೊಂದಿಕೊಂಡ ಸಾಧನಗಳ ಪೈಕಿ ಕೀಲಿಮಣೆಯಷ್ಟು ಅಲಕ್ಷ್ಯಕ್ಕೆ ಗುರಿಯಾದದ್ದು ಇನ್ನೊಂದಿಲ್ಲ. ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಪರದೆ ಎಷ್ಟು ಅಂಗುಲದ್ದು ಎಂದು ಹತ್ತು ಕಡೆ ವಿಚಾರಿಸುವ ಪಾಲಕರು, ಅಂಗಡಿಯವನು ಕೊನೆಯಲ್ಲಿ ಪೆಟ್ಟಿಗೆಗೆ ಸೇರಿಸಿ ಕೊಟ್ಟ ಕೀಲಿಮಣೆಯನ್ನು ಮಾತ್ರ ಮರುಮಾತಿಲ್ಲದೆ ಮನೆಗೆ ತರುತ್ತಿದ್ದರು. ಈಗ ಹಾಗಿಲ್ಲ. ಮಕ್ಕಳೇ ಕೀಲಿಮಣೆಯ ಹೆಸರು, ಬಣ್ಣ, ಬೆಲೆ ಹೇಳುತ್ತಾರೆ. ಅವರು ಕೇಳುವುದು 'ಗೇಮಿಂಗ್ ಕೀಬೋರ್ಡ್', ಅಂದರೆ ಗಣಕದ ಆಟಗಳಿಗೆಂದೇ ತಯಾರಾದ, ಕೀಲಿಗಳ ಸಂದಿಯಿಂದ ಕಾಮನಬಿಲ್ಲಿನ ಬೆಳಕು ಚೆಲ್ಲುವ ಮಣೆ. ಇದರ ಬೆಲೆ ಸಾವಿರ ರೂಪಾಯಿಯ ಒಳಗಿನಿಂದ ಹಿಡಿದು ಹತ್ತು ಸಾವಿರವನ್ನು ದಾಟಿ ಹೋಗುತ್ತದೆ.

ಬಿಡದಿ ಹೋಬಳಿಯ ಬೈರಮಂಗಲದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ತಂದೆಗೆ ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸ. ಮಗಳು ಎಸ್ಸೆಸ್ಸೆಲ್ಸಿಯಲ್ಲಿ, ಮಗ ಪಿಯುಸಿ ವಾಣಿಜ್ಯ ವಿಭಾಗದಲ್ಲಿ. ಹಳೆಯ ಗಣಕವೊಂದಿದೆ, ಅದರ ಕೀಲಿಮಣೆಯಲ್ಲಿ ನಾಲ್ಕು ಅಕ್ಷರ ಸತ್ತಿವೆ. ಹೇಗೂ ಹೊಸದು ಬೇಕು. ಮಗನ ಆಸೆ ಮೂರು ಸಾವಿರ ರೂಪಾಯಿಯದು, ತಂದೆಯ ಲೆಕ್ಕ ನಾನೂರರದು. ಈ ಎರಡು ಅಂಕಿಗಳ ನಡುವೆ ಜಗಳ ಹುಟ್ಟುವುದು ಸಹಜ. ಆದರೆ ಕೊಳ್ಳುವ ವಸ್ತು ಏನೆಂದು ಇಬ್ಬರಿಗೂ ತಿಳಿದಿದ್ದರೆ ಜಗಳದ ಸ್ವರೂಪವೇ ಬೇರೆಯಾದೀತು. ಏಕೆಂದರೆ ಆಟದ ಕೀಲಿಮಣೆಯಲ್ಲಿ ಓದುವ ಮಕ್ಕಳಿಗೆ ನಿಜಕ್ಕೂ ಉಪಕಾರಿಯಾದ ಕೆಲವು ಗುಣಗಳಿವೆ. ಅದೇ ರೀತಿ, ಕನ್ನಡದಲ್ಲಿ ಕೆಲಸ ಮಾಡುವವರನ್ನು ಕಟ್ಟಿಹಾಕುವ ಕೆಲವು ಕೊರತೆಗಳೂ ಇವೆ. ಪೆಟ್ಟಿಗೆಯ ಮೇಲಿನ ಬರಹ ಮೊದಲನೆಯದನ್ನು ಅರ್ಧ ಹೇಳುತ್ತದೆ, ಎರಡನೆಯದನ್ನು ಹೇಳುವುದೇ ಇಲ್ಲ.

ಕೀಲಿಯ ಕೆಳಗೆ ಏನಿದೆ?

ಸಾಮಾನ್ಯ ಕೀಲಿಮಣೆಯನ್ನು ಬಿಚ್ಚಿದರೆ ಒಳಗೆ ಕಾಣುವುದು ಒಂದರ ಮೇಲೊಂದು ಕೂತ ಮೂರು ತೆಳು ಪ್ಲಾಸ್ಟಿಕ್ ಹಾಳೆ. ಮೇಲಿನ ಮತ್ತು ಕೆಳಗಿನ ಹಾಳೆಗಳ ಮೇಲೆ ವಿದ್ಯುತ್ ಹರಿಯುವ ಶಾಯಿಯಲ್ಲಿ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ. ನಡುವಿನ ಹಾಳೆಯಲ್ಲಿ ತೂತುಗಳು. ಪ್ರತಿ ಕೀಲಿಯ ಅಡಿಯಲ್ಲಿ ರಬ್ಬರಿನ ಪುಟ್ಟ ಗುಮ್ಮಟ. ಕೀಲಿ ಒತ್ತಿದಾಗ ಗುಮ್ಮಟ ಕುಸಿದು ಮೇಲಿನ ಗೆರೆ ತೂತಿನ ಮೂಲಕ ಕೆಳಗಿನ ಗೆರೆಯನ್ನು ಮುಟ್ಟುತ್ತದೆ. ಇದು ಮೆಂಬ್ರೇನ್ ಬಗೆ. ಅಗ್ಗ, ಸದ್ದಿಲ್ಲದ್ದು. ಚಹಾ ಚೆಲ್ಲಿದರೂ ಒಮ್ಮೊಮ್ಮೆ ಬದುಕಿ ಉಳಿಯುತ್ತದೆ. ಆದರೆ ಗುಮ್ಮಟ ದಿನ ಕಳೆದಂತೆ ಸೋಲುತ್ತದೆ. ಬೆರಳಿಗೆ ಕೆಸರನ್ನು ತುಳಿದಂತೆ ಅನಿಸತೊಡಗುತ್ತದೆ.

ಮೆಕ್ಯಾನಿಕಲ್ ಬಗೆಯಲ್ಲಿ ಪ್ರತಿ ಕೀಲಿಗೂ ಸ್ಪ್ರಿಂಗ್ ಇರುವ ಪ್ರತ್ಯೇಕ ಸ್ವಿಚ್. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ಹೊರತಂದ 'ಎಂಎಕ್ಸ್' ಮಾದರಿಯೇ ಇಂದಿಗೂ ಇದರ ಅಳತೆಗೋಲು. ಕೀಲಿ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ. ಅರ್ಧ ದಾರಿಯಲ್ಲಿ, ಅಂದರೆ 2 ಮಿಲಿಮೀಟರಿಗೇ, ಅಕ್ಷರ ಗಣಕಕ್ಕೆ ಮುಟ್ಟಿರುತ್ತದೆ. ಸ್ವಿಚ್ಚಿನ ಬಣ್ಣ ಅದರ ಸ್ವಭಾವವನ್ನು ಹೇಳುತ್ತದೆ. ಕೆಂಪಿನದು ಎಲ್ಲೂ ತಡೆಯದೆ ಜಾರುತ್ತದೆ, ಸುಮಾರು 45 ಗ್ರಾಂ ಭಾರ ಸಾಕು. ಕಂದಿನದು ನಡುವೆ ಒಂದು ಸಣ್ಣ ಉಬ್ಬನ್ನು ಬೆರಳಿಗೆ ತೋರಿಸುತ್ತದೆ. ನೀಲಿಯದು ಉಬ್ಬಿನ ಜೊತೆಗೆ 'ಟಕ್' ಎಂದು ಸದ್ದು ಮಾಡುತ್ತದೆ. ಚೆರ್ರಿಯ ಪೇಟೆಂಟ್ ಅವಧಿ ಮುಗಿದ ಬಳಿಕ ಚೀನಾದ ಕಂಪನಿಗಳು ಅದೇ ಬಣ್ಣ, ಅದೇ ಆಕಾರದ ಸ್ವಿಚ್ಚುಗಳನ್ನು ಹೇರಳವಾಗಿ ಮಾಡತೊಡಗಿದವು. ಒಂದು ಕಾಲಕ್ಕೆ ದುಬಾರಿಯಾಗಿದ್ದ ಈ ಮಣೆ ಎರಡು-ಮೂರು ಸಾವಿರಕ್ಕೆ ಇಳಿದದ್ದು ಹೀಗೆ.

ಇಲ್ಲೊಂದು ಸ್ವಾರಸ್ಯವಿದೆ. ರೇಜರ್ ಕಂಪನಿ 2010ರಲ್ಲಿ 'ಬ್ಲ್ಯಾಕ್‌ವಿಡೋ' ಎಂಬ ಆಟದ ಕೀಲಿಮಣೆಯನ್ನು ಬಿಡುಗಡೆ ಮಾಡಿದಾಗ ಅದರೊಳಗೆ ಇದ್ದದ್ದು ಚೆರ್ರಿಯ ನೀಲಿ ಸ್ವಿಚ್. ನಮ್ಮ ದೇಶದ ಅಂಗಡಿಗಳ ಬಿಲ್ಲಿನ ಮೇಜಿನ ಮೇಲೆ, ಡಿಟಿಪಿ ಕೇಂದ್ರಗಳಲ್ಲಿ, ಟಕಟಕ ಸದ್ದು ಮಾಡುತ್ತಾ ದುಡಿಯುವ 'ಟಿವಿಎಸ್ ಗೋಲ್ಡ್ ಭಾರತ್' ಕೀಲಿಮಣೆಯ ಒಳಗಿರುವುದೂ ಅದೇ ನೀಲಿ ಸ್ವಿಚ್! ಒಂದಕ್ಕೆ ರಣರಂಗದ ವೇಷ, ಇನ್ನೊಂದಕ್ಕೆ ಗುಮಾಸ್ತನ ಅಂಗಿ. ಟಿವಿಎಸ್‌ನದರಲ್ಲಿ ಬೆಳಕಿಲ್ಲ, ರೂಪಾಯಿ ಚಿಹ್ನೆಯ ಕೀಲಿ ಇದೆ. ಒಮ್ಮೆಲೇ ಆರೇಳು ಕೀಲಿ ಒತ್ತುವ ಆಟಗಾರನನ್ನು ಮನಸ್ಸಿನಲ್ಲಿಟ್ಟು ಅದನ್ನು ಮಾಡಿದ್ದಲ್ಲ ಎಂಬುದೂ ನಿಜ. ಆದರೆ ದಿನಕ್ಕೆ ಹತ್ತಾರು ಪುಟ ಬೆರಳಚ್ಚು ಮಾಡುವವರು ವರ್ಷಗಟ್ಟಲೆ ಅದನ್ನೇ ನೆಚ್ಚಿಕೊಂಡಿದ್ದರೆಂಬುದನ್ನು, ಮೆಕ್ಯಾನಿಕಲ್ ಎಂದರೆ ಬರಿಯ ಹುಡುಗಾಟಿಕೆ ಎಂದುಕೊಂಡ ಪಾಲಕರು ಗಮನಿಸಬೇಕು.

ಆಯುಷ್ಯದ ಮಾತು. ಚೆರ್ರಿ ಸ್ವಿಚ್ಚಿಗೆ ಕಂಪನಿ ಹೇಳಿದ ಆಯುಸ್ಸು ಮೊದಲು 5 ಕೋಟಿ ಒತ್ತು, ಆಮೇಲೆ ಅದನ್ನು 10 ಕೋಟಿಗೆ ಏರಿಸಿದರು. ಒಂದೇ ಕೀಲಿಯನ್ನು ದಿನಕ್ಕೆ ಎರಡು ಸಾವಿರ ಸಲ ಒತ್ತಿದರೂ 5 ಕೋಟಿ ಮುಗಿಯಲು 68 ವರ್ಷ ಬೇಕು. ಮೆಂಬ್ರೇನಿಗೆ 50 ಲಕ್ಷ ಒತ್ತು ಎಂದಿಟ್ಟುಕೊಂಡರೂ ಆರೂಮುಕ್ಕಾಲು ವರ್ಷ ಬಾಳುತ್ತದೆ. ಆದ್ದರಿಂದ 5 ಕೋಟಿಯೋ 10 ಕೋಟಿಯೋ ಎಂಬ ಸ್ಪರ್ಧೆಗೆ ವಿದ್ಯಾರ್ಥಿಯ ಮನೆಯಲ್ಲಿ ಅರ್ಥವಿಲ್ಲ. ಕೀಲಿಮಣೆ ಸಾಯುವುದು ಬೇರೆ ಕಡೆಯಿಂದ. ತಂತಿ ಬುಡದಲ್ಲಿ ಮುರಿಯುತ್ತದೆ, ಬೆಸುಗೆ ಬಿಡುತ್ತದೆ, ಕೀಲಿಯ ಮೇಲಿನ ಅಕ್ಷರ ಉಜ್ಜಿ ಹೋಗುತ್ತದೆ.

ಅಗ್ಗದ ಪೆಟ್ಟಿಗೆಗಳ ಮೇಲೆ ಕಾಣುವ 'ಮೆಕ್ಯಾನಿಕಲ್ ಫೀಲ್', 'ಸೆಮಿ ಮೆಕ್ಯಾನಿಕಲ್' ಎಂಬ ಮಾತುಗಳ ಬಗ್ಗೆಯೂ ಎಚ್ಚರವಿರಲಿ. ಇವು ಬಹುಪಾಲು ರಬ್ಬರ್ ಗುಮ್ಮಟದ ಮಣೆಗಳೇ. ಹೆಸರಿನಲ್ಲಿ ತುಪ್ಪ, ಡಬ್ಬಿಯಲ್ಲಿ ಡಾಲ್ಡಾ!

ದೆವ್ವದ ಅಕ್ಷರ

ಆಟದ ಕೀಲಿಮಣೆಯ ಮೇಲೆ ತಪ್ಪದೆ ಕಾಣುವ ಪದ 'ಆಂಟಿ ಘೋಸ್ಟಿಂಗ್'. ಘೋಸ್ಟ್ ಎಂದರೆ ದೆವ್ವ. ಇದರ ಹಿಂದಿನ ವಿಜ್ಞಾನ ಸರಳವಾಗಿದೆ, ಭೌತಶಾಸ್ತ್ರದ ಪಾಠಕ್ಕೆ ಹೊಂದುವಂಥದು. 104 ಕೀಲಿಗೆ 104 ಜೊತೆ ತಂತಿ ಎಳೆದರೆ ಮಣೆ ತಂತಿಯ ಗೂಡಾಗುತ್ತದೆ. ಅದರ ಬದಲು ಅಡ್ಡಸಾಲು ಮತ್ತು ಕಂಬಸಾಲುಗಳ ಚೌಕುಳಿ ಮಾಡುತ್ತಾರೆ. ಎಂಟು ಅಡ್ಡ, ಹದಿನಾರು ಉದ್ದ ಎಂದರೆ 128 ಸಂಧಿಸ್ಥಾನಗಳು ಸಿಗುತ್ತವೆ, ತಂತಿ ಮಾತ್ರ 24. ಒಳಗಿನ ಚಿಪ್ಪು ಒಂದೊಂದೇ ಸಾಲಿಗೆ ವಿದ್ಯುತ್ ಕೊಟ್ಟು ಯಾವ ಕಂಬದಲ್ಲಿ ಅದು ಹೊರಬಂದಿತೆಂದು ನೋಡಿ ಕೀಲಿಯನ್ನು ಗುರುತಿಸುತ್ತದೆ. ಆಯತದ ಮೂರು ಮೂಲೆಯ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಮಾತ್ರ ತೊಡಕು. ವಿದ್ಯುತ್ ಆ ಮೂರರ ಮೂಲಕ ಸುತ್ತಿ ಬಳಸಿ, ಯಾರೂ ಒತ್ತದ ನಾಲ್ಕನೆಯ ಮೂಲೆಯನ್ನೂ ಒತ್ತಿದಂತೆ ತೋರಿಸಿಬಿಡುತ್ತದೆ. ಅದೇ ದೆವ್ವ. ಇದಕ್ಕೆ ಹೆದರಿ ಅಗ್ಗದ ಮಣೆಗಳು ಮೂರನೆಯ ಕೀಲಿಯನ್ನೇ ಅಲಕ್ಷಿಸುತ್ತವೆ. ಪ್ರತಿ ಕೀಲಿಗೂ ಒಂದು ಡಯೋಡ್ ಕೂರಿಸಿದರೆ ವಿದ್ಯುತ್ ಹಿಮ್ಮುಖವಾಗಿ ಹರಿಯಲಾರದು, ದೆವ್ವ ತೊಲಗುತ್ತದೆ. ಆಗ ಎಷ್ಟು ಕೀಲಿಯನ್ನು ಒಟ್ಟಿಗೆ ಒತ್ತಿದರೂ ಅಷ್ಟೂ ದಾಖಲಾಗುತ್ತವೆ. ಇದಕ್ಕೆ 'ಎನ್-ಕೀ ರೋಲ್‌ಓವರ್' ಎಂದು ಹೆಸರು.

ಆಟದಲ್ಲಿ ಇದು ಬೇಕೇ ಬೇಕು. ಡಬ್ಲ್ಯು ಒತ್ತಿ ಮುಂದಕ್ಕೆ, ಎ ಒತ್ತಿ ಎಡಕ್ಕೆ, ಶಿಫ್ಟ್ ಒತ್ತಿ ವೇಗ ಬದಲಿಸಿ, ಸ್ಪೇಸ್ ಒತ್ತಿ ಹಾರುವುದು ಏಕಕಾಲದಲ್ಲಿ ನಡೆಯುವ ಕ್ರಿಯೆ. ಬೆರಳಚ್ಚಿಗೆ ಅಷ್ಟು ಬೇಡ. ಎಷ್ಟೇ ವೇಗವಾಗಿ ಬರೆದರೂ ಒಂದು ಬೆರಳು ಏಳುವ ಮೊದಲು ಇನ್ನೊಂದು ಇಳಿಯುತ್ತದೆಯೇ ಹೊರತು ಐದು ಬೆರಳು ಒಟ್ಟಿಗೆ ಇಳಿಯುವುದಿಲ್ಲ. '26 ಕೀ ಆಂಟಿ ಘೋಸ್ಟಿಂಗ್' ಎಂದು ಬರೆದಿದ್ದರೆ ಆ 26 ಕೀಲಿಗಳಿಗೆ ಮಾತ್ರ ರಕ್ಷೆ, ಉಳಿದವಕ್ಕಿಲ್ಲ ಎಂದು ಅರ್ಥ. ಇಷ್ಟಕ್ಕೇ ತೃಪ್ತಿಪಟ್ಟರೆ ಮನೆಯ ಆಟಕ್ಕೇನೂ ನಷ್ಟವಿಲ್ಲ.

ಮಿಲಿಸೆಕೆಂಡಿನ ವ್ಯಾಪಾರ

ಹಣ ಹೆಚ್ಚು ಹರಿಯುವುದು ಇಲ್ಲಿ. ಸಾಮಾನ್ಯ ಕೀಲಿಮಣೆಯನ್ನು ಗಣಕ ಸೆಕೆಂಡಿಗೆ 125 ಬಾರಿ ವಿಚಾರಿಸುತ್ತದೆ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ. ಆಟದ ಮಣೆಯನ್ನು ಸೆಕೆಂಡಿಗೆ ಸಾವಿರ ಬಾರಿ, ಅತಿ ದುಬಾರಿಯದನ್ನು ಎಂಟು ಸಾವಿರ ಬಾರಿ. ಉಳಿತಾಯ ಹೆಚ್ಚೆಂದರೆ 7-8 ಮಿಲಿಸೆಕೆಂಡ್. ಮನೆಯ ಸಾಧಾರಣ 60 ಹರ್ಟ್ಸ್ ಪರದೆಯ ಮೇಲೆ ಹೊಸ ಚಿತ್ರ ಮೂಡುವುದೇ 16-17 ಮಿಲಿಸೆಕೆಂಡಿಗೊಮ್ಮೆ. ಕಣ್ಣು ಕಂಡದ್ದಕ್ಕೆ ಬೆರಳು ಪ್ರತಿಕ್ರಿಯಿಸಲು ಚುರುಕಾದ ಹುಡುಗನಿಗೂ 200 ಮಿಲಿಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಬೈರಮಂಗಲದಿಂದ ಹೊರಟ ಸಂಕೇತ ಮುಂಬಯಿಯ ಸರ್ವರಿಗೆ ಹೋಗಿ ಬರುವ ಹೊತ್ತು ಬೇರೆ. ರಾಮನಗರದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವನು ಮನೆಯ ಹೊಸ್ತಿಲನ್ನು ಓಡಿ ದಾಟಿದಂತಾಯಿತು!

ಇದಕ್ಕಿಂತ ಮುಂದೆ ಹೋದದ್ದು ಅಯಸ್ಕಾಂತದ ಸ್ವಿಚ್. ಇದರಲ್ಲಿ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ. ಕೀಲಿಗೆ ಅಂಟಿದ ಪುಟ್ಟ ಅಯಸ್ಕಾಂತ ಎಷ್ಟು ಇಳಿಯಿತೆಂದು ಕೆಳಗಿನ ಸಂವೇದಕ ಅಳೆಯುತ್ತದೆ. ತತ್ತ್ವ ಹಳೆಯದು, ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮ. ಕೀಲಿ ಎಷ್ಟು ಇಳಿದಾಗ ಅಕ್ಷರ ಮೂಡಬೇಕೆಂದು ಬಳಕೆದಾರನೇ ಮಿಲಿಮೀಟರಿನ ಹತ್ತನೆಯ ಒಂದರ ಲೆಕ್ಕದಲ್ಲಿ ನಿಗದಿ ಮಾಡಬಹುದು. ಹಾಲೆಂಡಿನ ವೂಟಿಂಗ್ ಕಂಪನಿ ಇದನ್ನು ಆಟಗಾರರಲ್ಲಿ ಜನಪ್ರಿಯಗೊಳಿಸಿತು. ರೇಜರ್ 2024ರಲ್ಲಿ ಇದರ ಬೆನ್ನಿಗೆ 'ಸ್ನ್ಯಾಪ್ ಟ್ಯಾಪ್' ಎಂಬ ಸೌಲಭ್ಯ ತಂದಿತು. ಎಡ-ಬಲದ ಎರಡು ಕೀಲಿ ಒಟ್ಟಿಗೆ ಒತ್ತಿದ್ದರೂ ಕೊನೆಯದನ್ನೇ ಲೆಕ್ಕಕ್ಕೆ ಹಿಡಿಯುವ ಉಪಾಯವದು. ಅದೇ ವರ್ಷ ಆಗಸ್ಟ್‌ನಲ್ಲಿ 'ಕೌಂಟರ್ ಸ್ಟ್ರೈಕ್ 2' ಆಟದ ಒಡೆಯರಾದ ವಾಲ್ವ್ ಕಂಪನಿ, ಇಂಥ ಸ್ವಯಂಚಾಲಿತ ಸಹಾಯ ಪಡೆಯುವವರನ್ನು ತನ್ನ ಅಧಿಕೃತ ಆಟದಿಂದ ಹೊರಹಾಕುವುದಾಗಿ ಸಾರಿತು. ಅಧಿಕ ಬೆಲೆ ಕೊಟ್ಟು ಪಡೆದ ಸೌಲಭ್ಯವೇ ಆಟದಿಂದ ಹೊರಬೀಳಿಸುವ ಕಾರಣವಾಯಿತು. ದುಬಾರಿ ಮಣೆಗಾಗಿ ಹಟ ಹಿಡಿದವರು ತಿಳಿದಿರಬೇಕಾದ ಸಂಗತಿ ಇದು.

ಇಷ್ಟು ಹೇಳಿದ ಮಾತ್ರಕ್ಕೆ ಆಟವೆಂದರೆ ಕೆಡುಕು ಎಂಬ ತೀರ್ಮಾನಕ್ಕೆ ಬರಬೇಕಿಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಗಣಕದ ಆಟಗಳಿಗೂ ಪದಕವಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಪಾಲಕರು ಈ ಎರಡನ್ನೂ ಒಂದೇ ಗೂಟಕ್ಕೆ ಕಟ್ಟುವುದು ಸರಿಯಲ್ಲ. ಚಟದ ಭಯ ನಿಜವೇ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಆಟದ ಗೀಳು 2022ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗಾಗಿ 'ಷಟ್ ಕ್ಲಿನಿಕ್' ತೆರೆಯಿತು. ಆದರೆ ನಾನೂರು ರೂಪಾಯಿಯ ಮಣೆ ತಂದುಕೊಟ್ಟ ಮಾತ್ರಕ್ಕೆ ಮಗ ಆಟ ಬಿಡುವುದಿಲ್ಲ, ಮೂರು ಸಾವಿರದ್ದು ತಂದ ಮಾತ್ರಕ್ಕೆ ಗೀಳು ಹತ್ತುವುದೂ ಇಲ್ಲ. ಗಂಟೆಗಳ ಲೆಕ್ಕವೇ ಬೇರೆ, ಕೀಲಿಗಳ ಲೆಕ್ಕವೇ ಬೇರೆ.

ಕನ್ನಡದ ಪರೀಕ್ಷೆ

ಯಾವ ಜಾಹೀರಾತೂ ಹೇಳದ ಪರೀಕ್ಷೆ ಇದು. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವನ್ನೇ ಸಣ್ಣ ಮಾರ್ಪಾಡಿನೊಂದಿಗೆ ಕರ್ನಾಟಕ ಸರ್ಕಾರ ಪ್ರಮಾಣಿತವೆಂದು ಒಪ್ಪಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ತಂತ್ರಾಂಶ ಬಳಸುವುದು ಇದನ್ನೇ. ಇದರ ಜಾಣ್ಮೆ ಏನೆಂದರೆ ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡದ ಇಡೀ ವರ್ಣಮಾಲೆ ಅಡಗಿದೆ. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್ ಸಹಿತ. ಹ್ರಸ್ವಕ್ಕೆ ಬರಿಯ ಕೀಲಿ, ದೀರ್ಘಕ್ಕೆ ಶಿಫ್ಟ್. ಒತ್ತಕ್ಷರ ಬೇಕಾದಾಗ ನಡುವೆ ಎಫ್. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು, ಐದೇ ಒತ್ತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ'ದ ಲಿಪ್ಯಂತರ ಕ್ರಮದಲ್ಲಿ ಇದೇ ಪದಕ್ಕೆ ಏಳು ಒತ್ತು ಬೇಕು. ಕೆ.ಪಿ. ರಾವ್ ವಿನ್ಯಾಸಕ್ಕೆ ಕೀಲಿಯ ಮೇಲೆ ಕನ್ನಡ ಅಕ್ಷರ ಮುದ್ರಿಸಬೇಕಾಗಿಲ್ಲ, ಚೀಟಿ ಅಂಟಿಸಬೇಕಾಗಿಲ್ಲ. ಪರದೇಶದಲ್ಲಿ ತಯಾರಾದ ಆಟದ ಮಣೆಯೂ ಇಲ್ಲಿ ಕನ್ನಡದ ಮಣೆಯಾಗಲು ಸಾಧ್ಯವಾಗಿರುವುದು ಇದರಿಂದಲೇ.

ಆಗಲು ಸಾಧ್ಯ, ಆದರೆ ಎಲ್ಲವೂ ಆಗುವುದಿಲ್ಲ. 'ನುಡಿ'ಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ದಾಟುವ ಬಾಗಿಲು 'ಸ್ಕ್ರೋಲ್ ಲಾಕ್' ಕೀಲಿ. ಐಬಿಎಂ ಕಂಪನಿಯ 1981ರ ಮೊದಲ ಪಿಸಿಯ ಕಾಲದಿಂದ ಮಣೆಯ ಮೇಲುಮೂಲೆಯಲ್ಲಿ ಕೂತಿರುವ ಈ ಕೀಲಿಗೆ ಈಗ ಜಗತ್ತಿನಲ್ಲಿ ಹೆಚ್ಚು ಕೆಲಸವಿಲ್ಲ. ಹಾಗಾಗಿ ಮಣೆಯನ್ನು ಚಿಕ್ಕದು ಮಾಡ ಹೊರಟ ತಯಾರಕರು ಮೊದಲು ಕಿತ್ತುಹಾಕಿದ್ದು ಇದನ್ನೇ. ಆಟಗಾರರು ಮೆಚ್ಚುವ '60 ಪರ್ಸೆಂಟ್' ಅಳತೆಯ ಪುಟ್ಟ ಮಣೆಯಲ್ಲಿ ಸ್ಕ್ರೋಲ್ ಲಾಕ್ ಇಲ್ಲ. ಎಫ್-1ರಿಂದ ಎಫ್-12ರವರೆಗಿನ ಸಾಲೂ ಇಲ್ಲ, ಬಾಣದ ಕೀಲಿಗಳೂ ಇಲ್ಲ, ಬಲಬದಿಯ ಅಂಕಿಗಳ ಮಣೆಯೂ ಇಲ್ಲ. ಎಫ್‌ಎನ್ ಕೀಲಿಯ ಜೊತೆ ಬೇರೊಂದನ್ನು ಒತ್ತಿ ಕೆಲವನ್ನು ಪಡೆಯಬಹುದು, ಆದರೆ ಸ್ಕ್ರೋಲ್ ಲಾಕ್ ಆ ಪಟ್ಟಿಯಲ್ಲೂ ಇದ್ದೇ ಇರುತ್ತದೆಂಬ ಭರವಸೆಯಿಲ್ಲ. ವಿಂಡೋಸ್ ತೆರೆಯ ಮೇಲೆ ಮೂಡಿಸುವ ಚಿತ್ರ-ಕೀಲಿಮಣೆಯಲ್ಲಿ ಇಲಿಯಿಂದ ಅದನ್ನು ಒತ್ತಬಹುದು. ಒಂದು ಪುಟದಲ್ಲಿ ಇಪ್ಪತ್ತು ಸಲ ಭಾಷೆ ಬದಲಿಸುವವರಿಗೆ ಅದು ದಂಡನೆಯೇ ಸರಿ.

ವಿಂಡೋಸ್‌ನದೇ ಇನ್‌ಸ್ಕ್ರಿಪ್ಟ್ ವಿನ್ಯಾಸ ಬಳಸುವವರಿಗೆ ಸ್ಕ್ರೋಲ್ ಲಾಕ್ ಬೇಡ, ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಅಲ್ಲಿ ಬೇರೊಂದು ಕೊಕ್ಕೆ! ಆಟದ ನಡುವೆ ಕೈತಪ್ಪಿ ವಿಂಡೋಸ್ ಕೀಲಿ ಒತ್ತಿ ಆಟ ಮರೆಯಾಗಬಾರದೆಂದು ಆಟದ ಮಣೆಗಳಲ್ಲಿ ಆ ಕೀಲಿಗೆ ಬೀಗ ಹಾಕುವ 'ಗೇಮ್ ಮೋಡ್' ಇರುತ್ತದೆ. ರಾತ್ರಿ ಅಣ್ಣ ಹಾಕಿದ ಬೀಗ ಬೆಳಗ್ಗೆ ತಂಗಿಗೆ ತಿಳಿಯದು. ಪ್ರಬಂಧ ಬರೆಯ ಕೂತವಳಿಗೆ ಕನ್ನಡ ಬರುವುದಿಲ್ಲ, ಗಣಕ ಕೆಟ್ಟಿತೆಂದು ಮನೆಯಲ್ಲಿ ಗದ್ದಲ.

ಶಿಫ್ಟ್ ಕೀಲಿಯ ವಿಚಾರವನ್ನೂ ನೋಡಬೇಕು. ಇಂಗ್ಲಿಷಿನಲ್ಲಿ ವಾಕ್ಯಕ್ಕೊಮ್ಮೆ ಬೇಕಾಗುವ ಶಿಫ್ಟ್, ಕೆ.ಪಿ. ರಾವ್ ವಿನ್ಯಾಸದ ಕನ್ನಡದಲ್ಲಿ ಹೆಚ್ಚುಕಡಿಮೆ ಪದಕ್ಕೊಮ್ಮೆ ಬೇಕು. 'ಬೈರಮಂಗಲ' ಎಂದು ಬರೆಯುವುದು ಏಳು ಒತ್ತಿನ ಕೆಲಸ. ಅದರಲ್ಲಿ ಐತ್ವಕ್ಕೆ ಒಮ್ಮೆ, ಸೊನ್ನೆಗೆ ಒಮ್ಮೆ, ಎರಡು ಸಲ ಶಿಫ್ಟ್. ಚಿಕ್ಕ ಮಣೆಗಳಲ್ಲಿ ಬಲಗಡೆಯ ಶಿಫ್ಟನ್ನು ಮೊಟಕು ಮಾಡಿ ಆ ಜಾಗದಲ್ಲಿ ಬಾಣದ ಕೀಲಿ ತುರುಕಿರುತ್ತಾರೆ. ಉದ್ದನೆಯ ಕೀಲಿ ಓರೆಯಾಗದಂತೆ ತಡೆಯುವ ತಂತಿಯ ಊರೆ ಕಳಪೆಯಾದರೆ ಶಿಫ್ಟ್ ಒಂದು ಮಗ್ಗುಲಿಗೆ ವಾಲಿ ಅಂಟಿಕೊಳ್ಳುತ್ತದೆ. ಕನ್ನಡದವರಿಗೆ ಮಣೆಯ ಪರೀಕ್ಷೆ ಆಗಬೇಕಾದದ್ದು ಡಬ್ಲ್ಯು-ಎ-ಎಸ್-ಡಿ ಕೀಲಿಗಳಲ್ಲಲ್ಲ, ಎರಡು ಶಿಫ್ಟುಗಳಲ್ಲಿ.

ಅತಿ ಸೂಕ್ಷ್ಮ ಸ್ವಿಚ್ಚು ಬೆರಳಚ್ಚಿಗೆ ಶತ್ರು. ಎಡಗೈ ತೋರುಬೆರಳು ಸುಮ್ಮನೆ ವಿಶ್ರಮಿಸುವುದು ಎಫ್ ಕೀಲಿಯ ಮೇಲೆ. ಕನ್ನಡದಲ್ಲಿ ಅದು ಒತ್ತಕ್ಷರದ ಕೀಲಿ. ಕೂದಲೆಳೆಯಷ್ಟು ತಗ್ಗಿದರೂ ಅಕ್ಷರ ಮೂಡುವಂತೆ ಮಣೆಯನ್ನು ಹೊಂದಿಸಿದ್ದರೆ 'ಕನಕಪುರ' ಹೋಗಿ 'ಕನ್ಕಪುರ' ಆಗಿಬಿಡುತ್ತದೆ. ಕಳಪೆ ಸ್ವಿಚ್ಚಿನ ಇನ್ನೊಂದು ರೋಗ ತೊದಲು. ಒಮ್ಮೆ ಒತ್ತಿದ್ದನ್ನು ಅದು ಎರಡು ಸಲ ಕಳಿಸುತ್ತದೆ. ಆಟದಲ್ಲಿ ಇದರಿಂದ ಹೆಚ್ಚೇನೂ ಆಗದು. ಕನ್ನಡದಲ್ಲಿ 'ಮನ' ಎಂದು ಬರೆದದ್ದು 'ಮನನ' ಎಂದಾಗುತ್ತದೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷಕವೂ ತಪ್ಪನ್ನು ಹಿಡಿಯಲಾರದು.

ವಾಣಿಜ್ಯ ವಿದ್ಯಾರ್ಥಿಗೆ ಇನ್ನೊಂದು ಮಾತು. ಬೆಂಗಳೂರಿನ ಕಂಪನಿಯ ಸೃಷ್ಟಿಯಾದ 'ಟ್ಯಾಲಿ' ಲೆಕ್ಕಪತ್ರ ತಂತ್ರಾಂಶ ನಡೆಯುವುದೇ ಮೇಲಿನ ಎಫ್ ಸಾಲಿನ ಮೇಲೆ. ಎಫ್-5 ಪಾವತಿಗೆ, ಎಫ್-6 ಜಮೆಗೆ, ಎಫ್-8 ಮಾರಾಟಕ್ಕೆ, ಎಫ್-9 ಖರೀದಿಗೆ. ಅಂಕಿಗಳನ್ನು ಒತ್ತುವುದು ಬಲಬದಿಯ ಅಂಕಿಮಣೆಯ ಮೇಲೆ, ನೋಡದೆ. ಎರಡೂ ಇಲ್ಲದ ಮಣೆಯ ಮೇಲೆ ಟ್ಯಾಲಿ ಕಲಿಯುವುದೆಂದರೆ ಒಂದೇ ಕೈಯಲ್ಲಿ ರಾಗಿ ಮುದ್ದೆ ತಿರುವಿದ ಹಾಗೆ. ಆದುದರಿಂದ 104 ಕೀಲಿಯ ಪೂರ್ಣ ಅಳತೆಯದೇ ಇಂಥ ಮನೆಗೆ ಒಳ್ಳೆಯದು. ನೋಡಲು ದೊಡ್ಡದು, ಮೇಜಿನ ಜಾಗ ತಿನ್ನುತ್ತದೆ, ಗೆಳೆಯರ ಮುಂದೆ ಸೊಗಸೆನಿಸದು. ಇರಲಿ.

ಬೆರಳಚ್ಚಿನ ಪ್ರಸ್ತಾಪ ಇಷ್ಟು ಬಂದದ್ದಕ್ಕೆ ಕಾರಣವಿದೆ. ಜಿಲ್ಲಾ ನ್ಯಾಯಾಲಯಗಳ ಬೆರಳಚ್ಚುಗಾರ ಹುದ್ದೆಗಳ ಪ್ರಕಟಣೆಗಳಲ್ಲಿ ಕನ್ನಡ ಹಿರಿಯ ದರ್ಜೆಯ ಬೆರಳಚ್ಚು ಪರೀಕ್ಷೆಯ ತೇರ್ಗಡೆ ಕೇಳುವುದು ವಾಡಿಕೆ. ಪದವಿಯ ಜೊತೆಗೆ ಈ ಕೈಕೆಲಸ ಇದ್ದವರಿಗೆ ಊರಿನ ಹತ್ತಿರದಲ್ಲೇ ಒಂದು ದಾರಿ ತೆರೆದಿರುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಇರುವ ಯಂತ್ರ ಮತ್ತು ವಿನ್ಯಾಸ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಬೇಕು, ಮನೆಯದೇ ಅಲ್ಲಿರುತ್ತದೆಂದು ನೆಚ್ಚುವಂತಿಲ್ಲ. ಹಾಗಿದ್ದರೂ ಬೆರಳುಗಳಿಗೆ ಬರುವ ಅಂಕೆ ಎಲ್ಲಿ ಕಲಿತರೂ ಅದೇ. ಅದನ್ನು ಕಲಿಸಲು ಸೋತ ರಬ್ಬರ್ ಗುಮ್ಮಟಕ್ಕಿಂತ, ಉಬ್ಬನ್ನು ಬೆರಳಿಗೆ ತೋರುವ ಕಂದು ಅಥವಾ ನೀಲಿ ಸ್ವಿಚ್ಚೇ ವಾಸಿ. ಮಗನ ಮೂರು ಸಾವಿರದ ಆಸೆಯಲ್ಲಿ ಇಷ್ಟು ನ್ಯಾಯವಿದೆ.

ಗಾಳಿ, ಧೂಳು, ಸದ್ದು

ಬೈರಮಂಗಲದ ಕೆರೆಗೆ ಬಂದು ಸೇರುವುದು ವೃಷಭಾವತಿ, ಬೆಂಗಳೂರಿನ ಕೊಳಚೆಯನ್ನು ಹೊತ್ತು ತರುವ ಹೊಳೆ. ನಿಂತ ಕೊಳಚೆಯಿಂದ ಹೊರಡುವ ಅನಿಲಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಒಂದು. ಕೊಳೆತ ಮೊಟ್ಟೆಯ ವಾಸನೆಯದು. ಬೆಳ್ಳಿಯ ಕಾಲ್ಗೆಜ್ಜೆ ಕಪ್ಪಾಗುವುದು ಇಂಥ ಗಂಧಕದ ಅನಿಲಗಳಿಂದಲೇ. ತಾಮ್ರಕ್ಕೂ ಇದೇ ಗತಿ, ಚಿನ್ನಕ್ಕೆ ಮಾತ್ರ ಏನೂ ಆಗದು. ಚೆರ್ರಿ ತನ್ನ ಸ್ವಿಚ್ಚುಗಳ ಸಂಪರ್ಕಬಿಂದುವಿಗೆ ಚಿನ್ನವನ್ನು ಬಳಸುವುದು ಬಡಾಯಿಗಲ್ಲ, ಈ ಕಾರಣಕ್ಕೆ. ಅಗ್ಗದ ನಕಲಿನೊಳಗೆ ಯಾವ ಲೋಹವಿದೆ ಎಂದು ಪೆಟ್ಟಿಗೆ ಸಾಮಾನ್ಯವಾಗಿ ಹೇಳುವುದಿಲ್ಲ. ಕೆರೆಯ ಬದಿಯ ಊರುಗಳಲ್ಲಿ ಕೀಲಿಮಣೆಗಳೆಲ್ಲ ಬೇಗ ಕೆಡುತ್ತವೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ಆದರೆ ಅಂಗಡಿಯಲ್ಲಿ ಬೆಳಕಿನ ಬಣ್ಣಗಳೆಷ್ಟು ಎಂದು ಕೇಳುವವರು ಸಂಪರ್ಕದ ಲೋಹ ಯಾವುದು ಎಂದೂ ಒಂದು ಮಾತು ಕೇಳಬಹುದು.

ಧೂಳಿಗೆ ಮದ್ದು ಸುಲಭ. ಮೆಕ್ಯಾನಿಕಲ್ ಮಣೆಯ ಮೇಲ್ಟೋಪಿಗಳನ್ನು ಕಿತ್ತು ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಮತ್ತೆ ಕೂರಿಸಬಹುದು. ಕೀಳುವ ಮೊದಲು ಒಂದು ಚಿತ್ರ ತೆಗೆದಿಟ್ಟುಕೊಂಡರೆ ಯಾವುದು ಎಲ್ಲಿತ್ತೆಂಬ ಫಜೀತಿ ಇರದು. ಸದ್ದಿಗೆ ಮಾತ್ರ ಮದ್ದಿಲ್ಲ. ಒಂದೇ ಕೋಣೆಯಲ್ಲಿ ತಂಗಿ ಪರೀಕ್ಷೆಗೆ ಓದುತ್ತಿರುವಾಗ, ರಾತ್ರಿ ಪಾಳಿ ಮುಗಿಸಿ ಬಂದ ತಂದೆ ಹಗಲು ಮಲಗಿರುವಾಗ, ನೀಲಿ ಸ್ವಿಚ್ಚಿನ ಟಕಟಕ ಮನೆಯ ಶಾಂತಿಯನ್ನು ಕೆಡಿಸುತ್ತದೆ. ಅಂಥ ಮನೆಗೆ ಕಂದು ಲೇಸು. ಬೆಳಕಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕತ್ತಲಲ್ಲಿ ಅಕ್ಷರ ಕಾಣಲು ಒಂದೇ ಬಣ್ಣದ ಬಿಳಿ ಬೆಳಕು ಸಾಕು, ಕಾಮನಬಿಲ್ಲು ಕುಣಿಯುವುದರಿಂದ ಕಣ್ಣಿಗಾಗಲಿ ಅಂಕಕ್ಕಾಗಲಿ ಲಾಭವಿಲ್ಲ. ಸ್ಕ್ರೋಲ್ ಲಾಕ್ ಕೀಲಿಯನ್ನೇ ಬೆಳಕಿನ ಗುಂಡಿಯಾಗಿ ಮಾಡಿರುವ ಮಣೆಗಳೂ ಉಂಟು. ಅವನ್ನು 'ನುಡಿ' ಬಳಸುವವರು ದೂರವಿಟ್ಟರೆ ಕ್ಷೇಮ.

ಮೆತ್ತನೆಯ ಅಂಗೈದಿಂಬಿಗೆ ಪ್ರತ್ಯೇಕ ಹಣ ಕೇಳುತ್ತಾರೆ. ಅದೇ ಎತ್ತರಕ್ಕೆ ಉಜ್ಜಿ ನಯ ಮಾಡಿಸಿದ ಮರದ ಪಟ್ಟಿ ಸಾಕು. ಚನ್ನಪಟ್ಟಣದಲ್ಲಿ ಬೊಂಬೆಗೆ ಬಳಸುವ ಆಲೆ ಮರದ ತುಂಡು ಸಿಕ್ಕರೆ ಆಟದ ಮಣೆಗೆ ಆಟಿಕೆಯ ಮರ, ಜೋಡಿ ಚೆನ್ನಾಗಿಯೇ ಹೊಂದೀತು. ಬರೆಯುವಾಗ ಮಣಿಕಟ್ಟನ್ನು ಅದರ ಮೇಲೆ ಅದುಮಬಾರದು, ನಡುನಡುವೆ ವಿಶ್ರಾಂತಿಗಷ್ಟೇ.

ಅಂಗಡಿಯಲ್ಲಿ

ಬಿಡದಿಯಿಂದ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಮಣೆಯನ್ನು ಬೆರಳಿಂದ ಒತ್ತಿ ನೋಡಿ ಕೊಳ್ಳಬಹುದು. ಚಿತ್ರ ನೋಡಿ ತರಿಸುವುದಕ್ಕೂ ಇದಕ್ಕೂ ಅಜಗಜಾಂತರ. ಸ್ವಿಚ್ಚನ್ನು ಬೆಸುಗೆಯಿಲ್ಲದೆ ಕಿತ್ತು ಬದಲಿಸಬಹುದಾದ 'ಹಾಟ್ ಸ್ವಾಪ್' ಬಗೆಯನ್ನು ಕೇಳಿ ಪಡೆಯುವುದು ಜಾಣತನ. ಊರಿನಲ್ಲಿ ದುರಸ್ತಿಗಾರರಿಲ್ಲದವರಿಗೆ ಎಂಟು ಸಾವಿರ ಬಾರಿಯ ವೇಗಕ್ಕಿಂತ ಇದು ಹೆಚ್ಚಿನ ಸೌಲಭ್ಯ. ಒಂದು ಬಿಡಿ ಸ್ವಿಚ್ಚಿನ ಬೆಲೆ ಹೋಟೆಲಿನ ಒಂದು ಊಟಕ್ಕಿಂತ ಕಡಿಮೆ. ತಂತಿ ಮಣೆಗೆ ಅಂಟಿಕೊಂಡಿರದೆ ಬಿಡಿಸಿ ತೆಗೆಯುವಂತಿದ್ದರೆ ಇನ್ನೂ ಮೇಲು, ಮುರಿದಾಗ ತಂತಿಯೊಂದನ್ನೇ ಬದಲಿಸಿದರಾಯಿತು. ಮೇಲ್ಟೋಪಿಯ ಅಕ್ಷರ ಬಣ್ಣ ಬಳಿದದ್ದೋ, ಎರಡು ಪ್ಲಾಸ್ಟಿಕ್ ಸೇರಿಸಿ ಎರಕ ಹೊಯ್ದದ್ದೋ ಎಂದೂ ನೋಡಬೇಕು. ಎರಕದ್ದು ಅಳಿಯುವುದಿಲ್ಲ.

ಅಂಗಡಿಯ ಗಣಕದಲ್ಲಿ 'ನುಡಿ' ಇರುವುದು ಅಪರೂಪ. ಇಲ್ಲದಿದ್ದರೂ ಚಿಂತೆಯಿಲ್ಲ. ಸ್ಕ್ರೋಲ್ ಲಾಕ್ ಎಲ್ಲಿದೆ ಎಂದು ಕೈಯಿಂದ ಮುಟ್ಟಿ ನೋಡಿ, ಎರಡೂ ಶಿಫ್ಟುಗಳ ತುದಿ ಹಿಡಿದು ಒತ್ತಿ, ಬಿ, ಶಿಫ್ಟ್ ಸಹಿತ ವೈ, ಆರ್, ಎಂ, ಶಿಫ್ಟ್ ಸಹಿತ ಎಂ, ಜಿ, ಎಲ್ ಎಂದು ಹತ್ತು ಸಲ ವೇಗವಾಗಿ ಬರೆದರೆ ಸಾಕು. ಪರದೆಯ ಮೇಲೆ ಹತ್ತೂ ಸಾಲು ಒಂದೇ ತೆರನಾಗಿ ಮೂಡಿದ್ದರೆ ರಶೀತಿ ಮತ್ತು ವಾರಂಟಿ ಚೀಟಿ ಕೇಳಿ ಪಡೆದು ಸಂಜೆಯ ರೈಲಿಗೆ ಹಿಂದಿರುಗಬಹುದು.